ಅಣ್ಣನ ಹೆಸರಿನಲ್ಲಿ ಮನೆ, ಎಲ್ಲರ ಹಣ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೊಂದು ಉತ್ತರ

ಬಹುಕಾಲದಿಂದ ಇಲ್ಲಿರುವ ನಿಮ್ಮ ಅಣ್ಣನವರು ತಮ್ಮ ಹೆಸರಿನಲ್ಲಿ ದೊಡ್ಡ ಮನೆಯೊಂದನ್ನು ಕೊಳ್ಳುವುದು, ನೀವು 40,000 ಪೌಂಡ್ ಹಾಕುವುದು, ಹಾಸನದ ನಿವೇಶನ ಮಾರಿದ ಹಣವನ್ನು ತಾಯಿಯವರು ಕೊಡುವುದು, ಎಲ್ಲರೂ ಅಲ್ಲಿ ಕೂಡಿ ಇರುವುದು ಎಂದು ಮಾತಾಗಿದೆ. ಇದು ಸರಿಯೇ ಎಂದು ಕೇಳಿದ್ದೀರಿ. ಕೂಡಿ ಬಾಳುವುದು ಒಳ್ಳೆಯದೇ. ಆದರೆ ಮನೆಯಲ್ಲಿ ಆಡಿದ ಮಾತೊಂದು, ಕಾಗದದಲ್ಲಿ ಬರೆದದ್ದು ಇನ್ನೊಂದು ಆದಾಗ ಏನಾಗುತ್ತದೆಂಬುದನ್ನು ನಾನು ಅನುಭವಿಸಿದ್ದೇನೆ.

ನಮ್ಮ ಕಡೆ ಖಾತೆ ಹಿರಿಯಣ್ಣನ ಹೆಸರಿನಲ್ಲಿದ್ದರೂ ಮನೆ ಎಲ್ಲರದು ಎಂದು ನಂಬಿ ಬೆಳೆದವರು ನಾವು. ಅವಿಭಕ್ತ ಕುಟುಂಬದ ಆಸ್ತಿಯನ್ನು ಅಲ್ಲಿನ ಕಾನೂನೂ ಗುರುತಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಅದಿಲ್ಲ, ಇರುವುದು ಟ್ರಸ್ಟ್. ಮನೆ ಜಮೀನುಗಳ ಒಡೆತನವನ್ನು ದಾಖಲಿಸುವ ಸರ್ಕಾರಿ ಕಚೇರಿಯಾದ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಹೆಸರಿರುವವರು ಇತರರ ಪಾಲನ್ನು ವಿಶ್ವಸ್ತರಾಗಿ ಹಿಡಿದುಕೊಂಡಿರಬಹುದು, ಆದರೆ ಒಬ್ಬರದೇ ಹೆಸರಿದ್ದಾಗ ಪಾಲು ಉಂಟೆಂದು ಸಾಬೀತುಪಡಿಸುವ ಹೊಣೆ ಕೇಳುವವರದೇ. ಅಂಥ ಟ್ರಸ್ಟಿನ ಘೋಷಣೆಗೆ ಸಹಿಯಿರುವ ಬರಹ ಬೇಕೆಂದು 1925ರ ಆಸ್ತಿ ಕಾಯ್ದೆ ಹೇಳುತ್ತದೆ. ಬರಹವಿಲ್ಲದಿದ್ದರೆ ನ್ಯಾಯಾಲಯವು ಹಳೆಯ ಬ್ಯಾಂಕ್ ಲೆಕ್ಕ, ಮಾತುಕತೆ ಮತ್ತು ನಡವಳಿಕೆಗಳಿಂದ ಎಲ್ಲರ ಮನಸ್ಸಿನಲ್ಲಿ ಅಂದು ಏನಿತ್ತೆಂದು ಕಂಡುಕೊಳ್ಳಬೇಕಾಗುತ್ತದೆ.

ನಮ್ಮ ಮನೆಯಲ್ಲಿ ಆ ಅಣ್ಣ ನಾನೇ. ಮೈಸೂರಿನ ನಿವೇಶನ ಮಾರಿ ಅಮ್ಮ ಹಣ ಕಳಿಸಿದಾಗ, ಸಾಲ ಕೊಡುವ ಬ್ಯಾಂಕು ಅಮ್ಮನಿಂದ ಒಂದು ಪುಟದ ಪತ್ರ ಕೇಳಿತು: ಈ ಹಣ ಉಡುಗೊರೆ, ಹಿಂದಿರುಗಿಸಬೇಕಿಲ್ಲ, ಮನೆಯಲ್ಲಿ ನನಗೆ ಯಾವ ಹಕ್ಕೂ ಇಲ್ಲ. ಇಲ್ಲಿ ಇದು ವಾಡಿಕೆಯ ಕಾಗದ. ಅಡುಗೆಮನೆಯ ಮೇಜಿನ ಮೇಲೆ ನಾನು ಬೆರಳಿಟ್ಟು ತೋರಿಸಿದ ಕಡೆ ಅಮ್ಮ ಕನ್ನಡದಲ್ಲಿ ಸಹಿ ಹಾಕಿದರು. ಓದಿ ಹೇಳೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆರು ವರ್ಷಗಳ ನಂತರ ತಮ್ಮ ತನ್ನ ಪಾಲು ಕೇಳಿದಾಗ ನನ್ನ ವಕೀಲರು ಮೊದಲು ಎತ್ತಿ ಹಿಡಿದದ್ದು ಆ ಪತ್ರವನ್ನೇ. ಕಾನೂನಿನ ಪ್ರಕಾರ ನನ್ನ ಕೈ ಮೇಲಿತ್ತು, ಆದರೆ ಅಮ್ಮನ ಮುಖ ನೋಡಲು ನನ್ನಿಂದ ಆಗಲಿಲ್ಲ. ಕೊನೆಗೆ ಮಧ್ಯಸ್ಥರೊಬ್ಬರ ಎದುರು ಕುಳಿತು ಒಪ್ಪಂದ ಮಾಡಿಕೊಂಡು, ಮನೆಯ ಮೇಲಿನ ಸಾಲ ಹೆಚ್ಚಿಸಿ ತಮ್ಮನಿಗೆ ಹಣ ಕೊಟ್ಟೆ. ಅವನು ಇಂದಿಗೂ ಹಬ್ಬಕ್ಕೆ ಬರುವುದಿಲ್ಲ.

ನ್ಯಾಯಾಲಯಕ್ಕೆ ಹೋಗಿದ್ದರೆ 1996ರ ಟ್ರಸ್ಟ್ ಕಾಯ್ದೆಯ 14ನೇ ಕಲಮಿನಂತೆ ಪಾಲುಳ್ಳವರು ಯಾರೇ ಆದರೂ ಮನೆಯನ್ನು ಮಾರಿಸುವಂತೆ ಕೇಳಬಹುದಿತ್ತು. ಮನೆ ಕೊಂಡ ಉದ್ದೇಶವನ್ನೂ ಅಲ್ಲಿರುವ ಚಿಕ್ಕ ಮಕ್ಕಳ ಹಿತವನ್ನೂ ನ್ಯಾಯಾಧೀಶರು ನೋಡುತ್ತಾರೆಂಬುದು ನಿಜ, ಆದರೆ ತಾಯಿ ಕೊಟ್ಟ ಮಾತಿನ ತೂಕ ಅಲ್ಲಿ ಸಾಕ್ಷ್ಯವಿದ್ದಷ್ಟೇ.

ರಿಜಿಸ್ಟರಿನಲ್ಲಿ ನಿರ್ಬಂಧವೊಂದನ್ನು ನಮೂದಿಸಿದರೆ ಸಾಕೆಂದು ನಿಮಗೆ ಯಾರಾದರೂ ಹೇಳಬಹುದು. ಅದರಿಂದ ಒಬ್ಬರೇ ಮಾರಿ ಹಣ ಪಡೆಯುವುದು ತಪ್ಪುತ್ತದೆ, ಅಷ್ಟೆ. ನಾಳೆ ಅತ್ತಿಗೆಯವರು ಎರಡನೆಯ ವಿಶ್ವಸ್ತರಾಗಿ ಸೇರಿ ಇಬ್ಬರೂ ಮಾರಾಟಕ್ಕೋ ಸಾಲಕ್ಕೋ ಸಹಿ ಹಾಕಿದರೆ ನಿಮ್ಮ ಹಕ್ಕು ಮನೆಯನ್ನು ಬಿಟ್ಟು ಅದರಿಂದ ಬಂದ ಹಣಕ್ಕೆ ಹೋಗುತ್ತದೆ. 1987ರಲ್ಲಿ, ಆಗ ಇಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಫ್ಲೆಗ್ ಪ್ರಕರಣದಲ್ಲಿ ಮನೆಯ ಬೆಲೆಯ ಅರ್ಧಕ್ಕಿಂತ ಹೆಚ್ಚು ಕೊಟ್ಟು ಅಲ್ಲೇ ವಾಸವಿದ್ದ ತಂದೆತಾಯಿ ತಮ್ಮ ಮಗಳು ಮತ್ತು ಅಳಿಯ ಸೇರಿ ಆ ಮನೆಯ ಮೇಲೆ ಮಾಡಿದ ಸಾಲದ ಎದುರು ಸೋತರು. ರಿಜಿಸ್ಟರಿನಲ್ಲಿ ಇದ್ದದ್ದು ಮಗಳು ಅಳಿಯರ ಹೆಸರು ಮಾತ್ರ. ನಾಲ್ವರ ಹೆಸರಿಗೆ ಅಲ್ಲಿ ಜಾಗವಿರುತ್ತದೆ. ಬ್ಯಾಂಕು ಒಪ್ಪುವುದಾದರೆ ನಿಮ್ಮ ಹೆಸರೂ ಇರಲಿ.

ವರ್ಗಾವಣೆಯ ಟಿಆರ್1 ಎಂಬ ನಮೂನೆಯಲ್ಲಿ 10ನೇ ಚೌಕವೊಂದಿದೆ. ಒಬ್ಬರಿಗಿಂತ ಹೆಚ್ಚು ಜನ ಕೊಳ್ಳುವಾಗ ಯಾರ ಪಾಲು ಎಷ್ಟೆಂದು ಬರೆಯುವುದು ಅಲ್ಲಿಯೇ. ಪಾಲು ಬೇರೆಬೇರೆಯೆಂದು ಬರೆಯದೆ ಜಂಟಿ ಒಡೆತನವೆಂದು ಗುರುತು ಹಾಕಿದರೆ, ಒಬ್ಬರು ತೀರಿಕೊಂಡಾಗ ಉಯಿಲು ಏನೇ ಹೇಳಲಿ, ಅವರ ಭಾಗ ಉಳಿದವರಿಗೆ ಸೇರುತ್ತದೆ, ಹೆಂಡತಿ ಮಕ್ಕಳಿಗಲ್ಲ. ತಾಯಿಯವರ ಹಣಕ್ಕೂ ಪಾಲಿದೆ ಎಂಬುದು ನಿಮ್ಮೆಲ್ಲರ ಅಭಿಪ್ರಾಯವಾದರೆ, ಉಡುಗೊರೆಯ ಪತ್ರಕ್ಕೆ ಅವರಿಂದ ಸಹಿ ಹಾಕಿಸಬೇಡಿ. ಬ್ಯಾಂಕು ಒಪ್ಪದಿದ್ದರೆ ಆ ಹಣವನ್ನು ಈ ಮನೆಗೆ ಹಾಕಲೇಬೇಡಿ. ಅಣ್ಣನವರ ಸಾಲಿಸಿಟರ್, ಅಂದರೆ ಕಾಗದಪತ್ರ ನೋಡುವ ವಕೀಲರು, ಅಣ್ಣನವರ ಪರ ಇರುವವರು, ಆದ್ದರಿಂದ ನೀವು ಬೇರೆಯವರನ್ನು ನೋಡಿ, ಪಾಲುಗಳ ಟ್ರಸ್ಟ್ ಪತ್ರವನ್ನು ಹಣ ಕಳಿಸುವ ಮೊದಲೇ ಬರೆಸಿ, ಅದನ್ನು ತಾಯಿಯವರಿಗೆ ಕನ್ನಡದಲ್ಲಿ ಸಾಲುಸಾಲಾಗಿ ಓದಿ ಹೇಳಿ. ನಂಬಿಕೆಯಿಲ್ಲವೇ ಎಂದು ಅಣ್ಣನವರು ನೊಂದುಕೊಂಡರೆ ನನ್ನ ಕಥೆಯನ್ನು ಹೇಳಿ. ಬೇಕಿದ್ದರೆ ನಾನೇ ಅವರೊಂದಿಗೆ ಮಾತನಾಡುತ್ತೇನೆ.