ಆ ಜೌಗು ನೆಲ ಬರೀ ಹಿನ್ನೆಲೆ ಅಲ್ಲ

ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯ ಶುರುವಿನಲ್ಲಿ ಬರುವ ಜೌಗು ನೆಲ ಸುಮ್ನೆ ಹಿನ್ನೆಲೆಯಾ ಅಂತ ಕೇಳಿದ್ದೀರಿ. ಖಂಡಿತ ಅಲ್ಲ. ಅದು ಇಂಗ್ಲೆಂಡಿನ ಕೆಂಟ್‌ನದು, ಥೇಮ್ಸ್ ನದಿ ಸಮುದ್ರ ಸೇರುವ ಕಡೆಯದು. ಅಲ್ಲಿ ಆಗ ಮಲೇರಿಯಾ ಇತ್ತು. ಅದಕ್ಕೇ, ಜೈಲಿನಿಂದ ತಪ್ಪಿಸಿಕೊಂಡು ಬಂದು ನಡುಗುತ್ತಿರುವ ಕೈದಿಯನ್ನು ನೋಡಿದ ಕಥಾನಾಯಕ, ಪುಟ್ಟ ಪಿಪ್, ನಿಮಗೆ ಚಳಿಜ್ವರ ಬಂದಿರಬೇಕು ಅನ್ನುತ್ತಾನೆ. ಆ ಊರಿನ ಹುಡುಗ, ಅವನಿಗೆ ಗೊತ್ತು! ಕೈದಿ ತಪ್ಪಿಸಿಕೊಂಡು ಬಂದ ಹಡಗೂ ಕಟ್ಟುಕಥೆಯಲ್ಲ. 1776ರಿಂದ 1857ರವರೆಗೆ ಹಳೇ ಹಡಗುಗಳೇ ಜೈಲಾಗಿದ್ದವು.

ನನಗೆ ತುಂಬ ಇಷ್ಟವಾಗುವುದು ಕೊನೆಯ ಭಾಗ. ಅದೇ ಕೈದಿ, ಅಂದರೆ ಮ್ಯಾಗ್ವಿಚ್, ದೋಣಿಯಲ್ಲಿ ಓಡಿಹೋಗುವಾಗ ಸಿಕ್ಕಿಬೀಳುವುದು ಥೇಮ್ಸ್ ದಡದ ಗ್ರೇವ್ಸೆಂಡ್ ಊರು ದಾಟಿದ ಮೇಲೆ. ಮ್ಯಾಪ್ ತೆಗೆದು ನೋಡಿ. ಗಡೀಪಾರಾಗಿ ಆಸ್ಟ್ರೇಲಿಯಾಕ್ಕೆ ಹೋಗಿ ಬಂದವನು ಹೆಚ್ಚುಕಮ್ಮಿ ಶುರುವಿನ ಜಾಗಕ್ಕೇ ಬಂದ, ಅಲ್ವಾ? ಪಿಪ್‌ಗೂ ಅಲ್ಲಿ ತನ್ನೂರಿನ ಜೌಗು ನೆನಪಾಗುತ್ತದೆ.