ಖಾತೆಗೆ ಯಾರದೋ ರೊಕ್ಕ ಬಂದು ಬಿದ್ದಿದೆ. ಇಟ್ಟುಕೊಂಡರೆ ಕೇಸ್ ಆಗುತ್ತಾ?

ಸಿಂಧನೂರಿನಿಂದ ನೀವು ಕೇಳಿದ್ದು ಇಷ್ಟು: ಖಾತೆಗೆ 46,000 ರೂಪಾಯಿ ಜಮೆಯಾಗಿದೆ, ಯಾರದೆಂದು ಗೊತ್ತಿಲ್ಲ. ಈಗ ಒಬ್ಬರು ಫೋನ್ ಮಾಡಿ "ತಪ್ಪಿ ಬಂದಿದೆ, ಈ ನಂಬರಿಗೆ ಫೋನ್‌ಪೇ ಮಾಡಿ" ಅನ್ನುತ್ತಿದ್ದಾರೆ. ವಾಪಸ್ ಕೊಡಲೇಬೇಕಾ, ಕೊಡದಿದ್ದರೆ ಏನಾಗುತ್ತದೆ ಅಂತ.

ಕೊಡಲೇಬೇಕು. ಆದರೆ ಫೋನ್ ಮಾಡಿದವರ ನಂಬರಿಗಲ್ಲ, ಬ್ಯಾಂಕಿನ ಮೂಲಕ.

ನಾನು ಗಂಗಾವತಿಯಲ್ಲಿ ಭತ್ತದ ದಲಾಲಿ ಅಂಗಡಿಯೊಂದರ ಲೆಕ್ಕ ನೋಡುತ್ತೇನೆ. ಸುಗ್ಗಿ ಬಂತೆಂದರೆ ದಿನವಿಡೀ ರೈತರ ಖಾತೆಗೆ ರೊಕ್ಕ ಹಾಕುವುದೇ ಕೆಲಸ. ಪಾಸ್‌ಬುಕ್ಕಿನ ಮಸುಕು ಜೆರಾಕ್ಸ್‌ನಲ್ಲಿ 3 ಇದ್ದದ್ದು 8ರಂತೆ ಕಾಣುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ ರೊಕ್ಕ ಕಳಿಸುವ ನೆಫ್ಟ್‌ನಲ್ಲಿ ರೊಕ್ಕ ಜಮೆಯಾಗುವುದು ಖಾತೆ ನಂಬರಿನ ಮೇಲೆ, ಹೆಸರಿನ ಮೇಲಲ್ಲ. ಆ ತಪ್ಪು ನಂಬರಿನಲ್ಲಿ ಇನ್ನೊಬ್ಬರ ಖಾತೆ ಇದ್ದರೆ ಸೀದಾ ಅಲ್ಲಿಗೇ ಹೋಗುತ್ತದೆ. ಅದಕ್ಕೇ ರಿಸರ್ವ್ ಬ್ಯಾಂಕ್, ಕಳಿಸುವ ಮುಂಚೆ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಆದರೂ ಗಡಿಬಿಡಿಯಲ್ಲಿ ಹೆಸರು ಓದದೆ ಒತ್ತುವವರು ಇದ್ದೇ ಇರುತ್ತಾರೆ. ನಿಮ್ಮ ಖಾತೆಯಲ್ಲಿರುವ 46,000 ಯಾರದೋ ಭತ್ತದ ರೊಕ್ಕ ಇರಬಹುದು. ಅದರ ಮೇಲೆ ಗೊಬ್ಬರದಂಗಡಿಯ ಬಾಕಿ, ಕಟಾವು ಮಷಿನ್ನಿನ ಬಾಡಿಗೆ, ಆಳಿನ ಕೂಲಿ ಎಲ್ಲ ನಿಂತಿರುತ್ತದೆ. ಅಂಥವರು ನಮ್ಮ ಅಂಗಡಿ ಮುಂದೆ ಬಂದು ಕೂತದ್ದನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ.

ಕಾನೂನು ಇದರಲ್ಲಿ ಸ್ಪಷ್ಟವಾಗಿದೆ. 1872ರ ಕರಾರು ಕಾಯ್ದೆಯ 72ನೇ ಕಲಂ ಪ್ರಕಾರ, ತಪ್ಪಿನಿಂದ ಬಂದ ಹಣವನ್ನು ಪಡೆದವರು ಹಿಂತಿರುಗಿಸಬೇಕು. "ನಾನೇನು ಕೇಳಿದ್ದೆನಾ, ಅವರೇ ಹಾಕಿದ್ದು" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ರೊಕ್ಕ ಕಳಿಸಿದವರು ಸಿವಿಲ್ ದಾವೆ ಹಾಕಬಹುದು. ದಾವೆ ಹಾಕಲು ಇರುವ ಮೂರು ವರ್ಷದ ಅವಧಿಯೂ ತಪ್ಪು ಗೊತ್ತಾದ ದಿನದಿಂದ ಶುರು. ಇನ್ನು ಪೊಲೀಸ್ ಕೇಸಿನ ಮಾತು. ರೊಕ್ಕ ಬಂದದ್ದು ನಿಮ್ಮ ಅಪರಾಧವಲ್ಲ. ನಿಮ್ಮದಲ್ಲ ಎಂದು ಗೊತ್ತಿದ್ದೂ ಮೋಸದ ಮನಸ್ಸಿನಿಂದ ಸ್ವಂತಕ್ಕೆ ಬಳಸಿಕೊಂಡರೆ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂನಲ್ಲಿ ಇದಕ್ಕೆ ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಎರಡು ವರ್ಷ ಜೈಲು, ಜೊತೆಗೆ ದಂಡ ಇದೆ. ಬ್ಯಾಂಕಿನವರು ಹೇಳಿದ ಮೇಲೂ ಖರ್ಚು ಮಾಡಿದರೆ "ಗೊತ್ತಿರಲಿಲ್ಲ" ಅನ್ನಲು ಬಾಯಿ ಇರುವುದಿಲ್ಲ, ಅಲ್ವಾ?

ಈಗ ಆ ಫೋನಿನ ವಿಷಯ. ನನಗೆ ಜಾಸ್ತಿ ಚಿಂತೆ ಇದರದ್ದೇ. ಮೊದಲು, ರೊಕ್ಕ ನಿಜಕ್ಕೂ ಬಂದಿದೆಯಾ ನೋಡಿ. ಬ್ಯಾಂಕಿನ ಮೆಸೇಜಿನ ಹಾಗೇ ಕಾಣುವ ಸುಳ್ಳು ಮೆಸೇಜ್ ಕಳಿಸಿ, ಬಾರದ ರೊಕ್ಕ ವಾಪಸ್ ಕೇಳುವವರಿದ್ದಾರೆ. ಮೆಸೇಜ್ ನಂಬಬೇಡಿ, ಪಾಸ್‌ಬುಕ್ ಎಂಟ್ರಿ ಹಾಕಿಸಿ. ಎಂಟ್ರಿಯಲ್ಲಿ ಎಲ್ಲಿಂದ ಬಂತೆಂಬ ಸುಳಿವೂ ಇರುತ್ತದೆ. ಬೆಳೆ ವಿಮೆಯೋ ಪರಿಹಾರವೋ ಆಗಿದ್ದರೆ ಅದು ನಿಮ್ಮದೇ ಇರಬಹುದು, ಸುಮ್ನೆ ಹೆದರಿ ಕೊಟ್ಟುಬಿಡಬೇಡಿ.

ರೊಕ್ಕ ನಿಜಕ್ಕೂ ಬಂದಿದ್ದರೂ ಫೋನ್ ಮಾಡಿದವರೇ ಅದರ ಒಡೆಯರು ಅನ್ನುವುದಕ್ಕೆ ಏನು ಗ್ಯಾರಂಟಿ? ಕಳ್ಳರು ಯಾರದೋ ಖಾತೆಯಿಂದ ಎಗರಿಸಿದ್ದನ್ನು ನಿಮ್ಮ ಖಾತೆಗೆ ಹಾಕಿ, ನಿಮ್ಮ ಕೈಯಿಂದ ಮೂರನೆಯ ಖಾತೆಗೆ ಕಳಿಸಿಕೊಳ್ಳುತ್ತಾರೆ. ರೊಕ್ಕ ಕಳಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಜಾಡು ಮೊದಲು ನಿಮ್ಮ ಖಾತೆಗೇ ಬರುತ್ತದೆ. ಖಾತೆ ಫ್ರೀಜ್ ಆಗಬಹುದು. ಒಳ್ಳೆಯ ಮನಸ್ಸಿನಿಂದ ಕಳಿಸಿದ ನೀವೇ ಕಳ್ಳರ ಜೊತೆಗಾರರಂತೆ ಕಾಣುತ್ತೀರಿ. ಆಮೇಲೆ ನಿಜವಾದ ಒಡೆಯರು ಬಂದು ಕೇಳಿದರೆ ನಿಮ್ಮ ಸ್ವಂತ ರೊಕ್ಕ ಕೊಡುವ ಪಾಡು ಬರಬಹುದು. ಆದ್ದರಿಂದ ಅವರಿಗೆ ಒಂದೇ ಮಾತು ಹೇಳಿ: "ನಿಮ್ಮ ಬ್ಯಾಂಕಿಗೆ ದೂರು ಕೊಡಿ, ನಾನು ನಮ್ಮ ಬ್ಯಾಂಕಿಗೆ ಬರೆದುಕೊಡುತ್ತೇನೆ." ನಿಜವಾದವರು ಇದಕ್ಕೆ ಒಪ್ಪುತ್ತಾರೆ. ಅವರು ಅತ್ತು ಕರೆದರೂ ಒಟಿಪಿ, ಯುಪಿಐ ಪಿನ್ ಹೇಳಬೇಡಿ. ಅವರು ಕಳಿಸಿದ ಲಿಂಕ್ ಒತ್ತಬೇಡಿ.

ನಾಳೆಯೇ ನಿಮ್ಮ ಬ್ರಾಂಚ್‌ಗೆ ಹೋಗಿ. ಬಾಯಿಮಾತು ಸಾಲದು, ಅರ್ಜಿ ಬರೆಯಿರಿ. ಖಾತೆ ನಂಬರ್, ಜಮೆಯಾದ ತಾರೀಖು, ಮೊತ್ತ, ಎಂಟ್ರಿಯಲ್ಲಿರುವ ಯುಟಿಆರ್ ನಂಬರ್ (ಆ ವರ್ಗಾವಣೆಯ ಗುರುತಿನ ನಂಬರ್) ಹಾಕಿ, "ಈ ಹಣ ನನ್ನದಲ್ಲ, ಬಂದ ಖಾತೆಗೇ ವಾಪಸ್ ಮಾಡಲು ನನ್ನ ಒಪ್ಪಿಗೆ ಇದೆ" ಎಂದು ಸಹಿ ಮಾಡಿ. ಕಳಿಸಿದವರ ತಪ್ಪಿನಿಂದ ಬಂದ ರೊಕ್ಕವನ್ನು ಬ್ಯಾಂಕಿನವರು ಸಾಮಾನ್ಯವಾಗಿ ಖಾತೆದಾರರ ಒಪ್ಪಿಗೆ ಕೇಳಿಯೇ ತೆಗೆಯುತ್ತಾರೆ, ಹಾಗಾಗಿ ನಿಮ್ಮ ಆ ಒಂದು ಸಾಲಿಗೆ ಬಹಳ ಬೆಲೆ ಇದೆ. ಇನ್ನೊಂದು ಪ್ರತಿಗೆ ಸೀಲ್, ಸಹಿ, ತಾರೀಖು ಹಾಕಿಸಿಕೊಂಡು ಮನೆಯಲ್ಲಿ ಜೋಪಾನವಾಗಿಡಿ. ಕೌಂಟರಿನಲ್ಲಿ "ಇರಲಿ ಬಿಡಿ, ಅವರೇ ಕೇಳಲಿ" ಅಂದರೂ ಸೀಲ್ ಹಾಕಿಸದೆ ಬರಬೇಡಿ. ಲಿಖಿತ ದೂರಿಗೆ 30 ದಿನವಾದರೂ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 14448ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಆ ಖಾತೆಯಿಂದ ಟ್ರ್ಯಾಕ್ಟರ್ ಕಂತು ತಾನಾಗಿಯೇ ಕಟ್ ಆಗುತ್ತಿದ್ದರೆ ಸ್ವಲ್ಪ ಎಚ್ಚರ. ನಿಮ್ಮ ರೊಕ್ಕ ಕಡಿಮೆಯಿದ್ದು, ಅವರ ರೊಕ್ಕ ಕಂತಿಗೆ ಹೋಗಿಬಿಟ್ಟರೂ ಕೊಡುವ ಹೊಣೆ ನಿಮ್ಮ ಮೇಲೇ ಇರುತ್ತದೆ. ಕಂತಿನ ತಾರೀಖಿಗೆ ಮುಂಚೆ ನಿಮ್ಮ ರೊಕ್ಕ ತುಂಬಿ, ಆ 46,000ವನ್ನು ಹೋಲ್ಡ್‌ನಲ್ಲಿ ಇಡುವಂತೆ ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ. ಈಗಾಗಲೇ ಸ್ವಲ್ಪ ಖರ್ಚಾಗಿದ್ದರೆ ಮುಚ್ಚಿಡಬೇಡಿ, ಎಷ್ಟು ಖರ್ಚಾಗಿದೆ, ಯಾವಾಗ ತುಂಬುತ್ತೀರಿ ಎಂದೂ ಬರೆದುಕೊಡಿ.