ಎಥನಾಲ್ ಹಾಕಿದ್ರ ಪ್ರೆಶರ್ ಏರತೈತಿ ಅಂದವರಿಗೆ

ಧಾರವಾಡದಾಗ ಎಂಎಸ್ಸಿ ಪ್ರಾಜೆಕ್ಟಿಗೆ ಪ್ಯಾರಾಸಿಟಮಾಲ್ ಎಚ್‌ಪಿಎಲ್‌ಸಿ (ದ್ರಾವಕದ ಜೋಡಿ ಮಾದರಿಯನ್ನ ಕಾಲಂ ಅನ್ನೂ ಕೊಳವಿಯೊಳಗ ಪಂಪಿನಿಂದ ನೂಕಿ, ಅದರಾಗಿನ ವಸ್ತು ಬ್ಯಾರೆ ಮಾಡಿ ಅಳೆಯೂ ವಿಧಾನ) ಮಾಡಾಕತ್ತೀನಿ, ವಿಷದ ದ್ರಾವಕ ಅಸಿಟೋನೈಟ್ರೈಲ್ ಬಿಟ್ಟು ಎಥನಾಲ್ ಹಾಕಿದ್ರ ಪ್ರೆಶರ್ ಏರಿ ಪಂಪ್ ನಿಲ್ಲತೈತಿ, ಹಳೇದಕ್ಕs ಹೋಗಲೇನು ಅಂತ ಕೇಳೀರಿ.

ಹೋಗಬ್ಯಾಡ್ರಿ. ನೀವು ಹಿಡಿದ ದಾರಿ ಸರಿ ಐತಿ. ಎಥನಾಲ್, ನೀರು ಎರಡೂ ಬ್ಯಾರೆ ಬ್ಯಾರೆ ಇದ್ದಾಗ ತೆಳುವs, ಕೂಡಿಸಿದ್ರ ಮಂದ ಆಗತಾವ. ಅರ್ಧಕ್ಕರ್ಧದ ಆಸುಪಾಸು ಭಾಳ ಮಂದ. ಮೊದಲು ಕಾಲಂ ಓವನ್ 45–50 ಡಿಗ್ರಿಗೆ ಇಡ್ರಿ (ನಿಮ್ಮ ಕಾಲಂ ಎಷ್ಟು ತಡೀತದ ಅಂತ ಅದರ ಚೀಟಿ ನೋಡಿ). ಪ್ರೆಶರ್ ಇಳಿಯೂದು ಪರದೆ ಮ್ಯಾಲೆ ಕಣ್ಣಾರೆ ಕಾಣತೈತಿ. ಸಾಲದಿದ್ರ ಫ್ಲೋ ಕಡಿಮಿ ಮಾಡ್ರಿ. ಮದ್ದನ್ನ ಕಾಲಂನಿಂದ ಹೊರಗ ನೂಕೂ ಜೋರು ಎಥನಾಲ್‌ಗೆ ಜಾಸ್ತಿ, ಅದಕ್ಕ ಅಸಿಟೋನೈಟ್ರೈಲ್‌ದ ಪ್ರಮಾಣಾನs ಹಾಕಬ್ಯಾಡ್ರಿ, ಕಡಿಮಿಯಿಂದ ಶುರು ಮಾಡ್ರಿ. 210 ನ್ಯಾನೋಮೀಟರ್ ತರಂಗಾಂತರದ ಕೆಳಗ ಎಥನಾಲ್ ತಾನs ಬೆಳಕು ಹೀರತೈತಿ; ನೀವು 243ರಾಗ ಅಳೆಯಾವ್ರು, ಚಿಂತಿ ಇಲ್ಲ.

ನನಗ ಇದಕ್ಕಿಂತ ಮುಖ್ಯ ಅನಿಸೂದು ಕಾಲಂ ಗಾತ್ರ. 4.6 ಮಿಮೀ ಒಳಅಗಲದ ಕಾಲಂನಾಗ ನಿಮಿಷಕ್ಕ 1 ಮಿಲೀ ಅಂದ್ರ 8 ತಾಸಿಗೆ 480 ಮಿಲೀ ತ್ಯಾಜ್ಯ. 2.1 ಮಿಮೀ ಕಾಲಂನಾಗ 0.2 ಮಿಲೀ ಸಾಕು, 100 ಮಿಲೀ ಸುದ್ದಾ ಆಗೂದಿಲ್ಲ. ವಿಭಾಗದಾಗ ಒಂದಿದ್ರ ಕೇಳಿ ತಗೋರಿ.

ಎಥನಾಲ್‌ಗೆ ಅಬಕಾರಿ ಪರವಾನಗಿ ಬೇಕು, ಸ್ಟೋರ್‌ನವರಿಗೆ ಮೊದಲs ಹೇಳಿಡ್ರಿ.